ಉಡುಪಿಯಲ್ಲಿ ಚಳಿಗಾಲದ ಹಕ್ಕಿ ನೋಡಬೇಕಾ? ಮೊದಲು ಹಣ್ಣು ಬಿಟ್ಟ ಗೋಳಿಮರ ಹುಡುಕಿ

ಡಿಸೆಂಬರ್ ಕೊನೆಯ ವಾರ ಉಡುಪಿಗೆ ಹೋಗುವವರು ರೂಮಿನ ವಿಷಯದಲ್ಲಿ ಹುಷಾರಾಗಿರಿ. ಮಲ್ಪೆ ಹತ್ತಿರದ ಒಂದು ಲಾಡ್ಜ್‌ನವರು ಫೋನಿನಲ್ಲಿ 1,800 ಅಂದಿದ್ದರು. ಬ್ಯಾಗ್ ಸಮೇತ ಹೋಗಿ ನಿಂತಾಗ 3,500 ಆಯಿತು. ರಜೆಯ ರೇಟಂತೆ. ಕಿಟಕಿ ತೆಗೆದರೆ ಜನರೇಟರ್, ರಾತ್ರಿ ಎರಡರವರೆಗೂ ಡಿಜೆ. ಬೆಳಿಗ್ಗೆ ಆರಕ್ಕೆ ಮರದ ಕೆಳಗೆ ಇರಬೇಕಾದವರಿಗೆ ಅದು ಆಗುವ ಜಾಗವಲ್ಲ. ಮರುದಿನ ಮಣಿಪಾಲಕ್ಕೆ ಹೋದೆವು, ಅರ್ಧ ದುಡ್ಡಿಗೆ ನಿದ್ದೆ ಬರುವ ರೂಮ್ ಸಿಕ್ಕಿತು. ಬಿಸಿನೀರು ಇಲ್ಲದಿದ್ದರೂ ನನಗೆ ನಡೆಯುತ್ತದೆ, ಗದ್ದಲ ಮಾತ್ರ ಆಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ ಇರುತ್ತದೆ. ಆ ವಾರವನ್ನೂ ಬಿಟ್ಟುಬಿಡಿ.

ಯುರೋಪಿನ ಉತ್ತರದಲ್ಲಿ ಚಳಿಗಾಲ ಬಂದರೆ ಜನ ವ್ಯಾಕ್ಸ್‌ವಿಂಗ್ ಅನ್ನುವ ಜುಟ್ಟಿನ ಹಕ್ಕಿಗೆ ಕಾಯುತ್ತಾರೆ. ರೋವನ್ ಮರದ ಹಣ್ಣು ಕಡಿಮೆಯಾದ ವರ್ಷ ಅವು ಹಿಂಡುಹಿಂಡಾಗಿ ದಕ್ಷಿಣಕ್ಕೆ ಇಳಿದು, ಪೇಟೆಯ ರಸ್ತೆಬದಿ ಮರಗಳಿಗೂ ಮುತ್ತುತ್ತವೆ. ನಮ್ಮ ಕರಾವಳಿಗೆ ಅವು ಬರುವುದಿಲ್ಲ. ಆದರೆ ಇಲ್ಲೂ ಹಣ್ಣು ಎಲ್ಲೋ ಹಕ್ಕಿ ಅಲ್ಲೇ. ಗೋಳಿ (ಅಂದರೆ ಆಲ), ಅಶ್ವತ್ಥ, ಬಸರಿ, ಅತ್ತಿ, ಇವೇ ಮುಖ್ಯ. ಈ ಮರಗಳು ಒಟ್ಟಿಗೆ ಹಣ್ಣಾಗುವುದಿಲ್ಲ. ಒಂದು ಬರಿದಾಗಿರುವಾಗ ಇನ್ನೊಂದು ತುಂಬಿರುತ್ತದೆ. ಇವುಗಳ ಪರಾಗ ಸಾಗಿಸುವುದು ಸಣ್ಣ ಕಣಜಗಳು. ಅವು ಕಾಯಿಯಿಂದ ಹೊರಗೆ ಬಂದ ಮೇಲೆ ಒಂದೆರಡು ದಿನ ಬದುಕಿದರೆ ಹೆಚ್ಚು. ಹಾಗಾಗಿ ಅವು ಮೊಟ್ಟೆ ಇಡಲು ಸುತ್ತಮುತ್ತ ಯಾವುದಾದರೂ ಮರದಲ್ಲಿ ಎಳೆಕಾಯಿ ಇರಲೇಬೇಕು. ಕಳೆದ ವರ್ಷ ಯಾರೋ ಹೇಳಿದ ಮರಕ್ಕೆ ಈ ವರ್ಷ ಹೋದರೆ ಸುಮ್ನೆ ಕತ್ತು ನೋವು ಅಷ್ಟೇ.

ಹಳೇ ದೊಡ್ಡ ಮರಗಳು ಹೆಚ್ಚಾಗಿ ಉಳಿದಿರುವುದು ನಾಗಬನಗಳಲ್ಲಿ, ಅಂದರೆ ನಾಗನಿಗೆ ಪೂಜೆ ನಡೆಯುವ ಮರಗಳ ತೋಪುಗಳಲ್ಲಿ. ಪರ್ಕಳದ ಕಡೆ ಒಳರಸ್ತೆಯಲ್ಲಿ ಒಂದು ಬನದ ಗೋಳಿ ಕೆಂಪಗೆ ಹಣ್ಣಾಗಿತ್ತು. ಮನೆಯವರನ್ನು ಕೇಳಿದೆವು. "ಒಳಗೆ ಬರುದು ಬೇಡ ಮಾರಾಯ್ರೆ, ರಸ್ತೆಯಿಂದ್ಲೇ ಕಾಣ್ತದೆ" ಅಂದರು ಅಜ್ಜ. ಹಾಗೇ ಆಯಿತು. ಮೊದಲು ಪಿಕಳಾರ, ಆಮೇಲೆ ಕುಟುರ ಹಕ್ಕಿಗಳು. ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ಹೊನ್ನಕ್ಕಿ ಬಿಸಿಲು ಬಿದ್ದ ಕೊಂಬೆಗೇ ಬಂದು ಕೂತಿತು. ಹಸಿರು ಪಾರಿವಾಳ ಮಾತ್ರ ತುಂಬಾ ಹೊತ್ತು ಕಣ್ಣಿಗೇ ಬೀಳಲಿಲ್ಲ. ಎಲೆಯ ನಡುವೆ ಅಲ್ಲಾಡದೆ ಕೂರುತ್ತವೆ. ಶಿಳ್ಳೆಯಂಥ ಕೂಗು ಕೇಳಿದ ಕಡೆ ನೋಡುತ್ತಾ ಇರಿ. ಒಂದು ಕಂಡಿತೋ, ಕೊಂಬೆ ತುಂಬಾ ಅವೇ. ಕೊನೆಗೆ ಗಹಗಹಿಸುತ್ತಾ ಒಂದು ಜೋಡಿ ಮಲೆ ಮಂಗಟ್ಟೆ (ಹಾರ್ನ್‌ಬಿಲ್). ಕೊಕ್ಕಿನ ತುದಿಯಲ್ಲಿ ಹಣ್ಣು ಹಿಡಿದು, ಮೇಲಕ್ಕೆ ಚಿಮ್ಮಿ ಗಂಟಲಿಗೆ ಬೀಳಿಸಿಕೊಳ್ಳುತ್ತಿದ್ದವು. ಹಸಿರು ಪಾರಿವಾಳ ಬೀಜವನ್ನೂ ಹೊಟ್ಟೆಯಲ್ಲಿ ಅರೆದುಬಿಡುತ್ತದೆ. ಮಂಗಟ್ಟೆ, ಕುಟುರ ಹಾಗಲ್ಲ, ಅವು ಹೊರಹಾಕಿದ ಬೀಜ ಮೊಳೆಯುತ್ತದೆ. ಕೆಲವು ಕಡೆ ಬನದ ಮರ ಕಡಿದು ಕಾಂಕ್ರೀಟ್ ಕಟ್ಟೆ ಕಟ್ಟಿದ್ದಾರೆ. ಅಂಥ ಕಡೆ ಕಾಗೆ ಬಿಟ್ಟರೆ ಏನೂ ಕಾಣಲಿಲ್ಲ. ನೋಡಿ ಹೊಟ್ಟೆ ಉರಿಯಿತು.

ಸೋಮೇಶ್ವರ ಅಭಯಾರಣ್ಯದ ಕಡೆ ಹೋಗುವವರಿಗೆ ಒಂದು ಮಾತು. ಸೀತಾನದಿಗೆ ಅಂತ ದುಡ್ಡು ತಗೊಂಡ ಕಂಡಕ್ಟರ್ ನಮ್ಮನ್ನು ಹೆಬ್ರಿಯಲ್ಲೇ ಇಳಿಸಿದ. ಕೇಳಿದರೆ ಉತ್ತರವೇ ಇಲ್ಲ. ಮುಂದಕ್ಕೆ ಆಟೋದವನು 400 ಕಿತ್ತ. ಸೀತಾನದಿ ಇರುವುದು ಹೆಬ್ರಿ ದಾಟಿ ಆಗುಂಬೆ ದಾರಿಯಲ್ಲಿ, ಹತ್ತುವ ಮೊದಲೇ "ಆಗುಂಬೆಗೆ ಹೋಗ್ತದಾ?" ಅಂತ ಕೇಳಿ. ಕಾಡಿನಲ್ಲಿ ಹಕ್ಕಿಯ ಸದ್ದು ಜಾಸ್ತಿ, ದರ್ಶನ ಕಡಿಮೆ. ಎತ್ತರದ ಮರ, ದಟ್ಟ ಎಲೆ. ಮೊದಲ ಸಲದವರಿಗೆ ನಾನು ಹೇಳುವುದಿಲ್ಲ.

ಆದರೆ ಹೆಬ್ರಿಯಲ್ಲಿ ಇಳಿದಿದ್ದಕ್ಕೆ ಒಂದು ಹೋಟೆಲು ಸಿಕ್ಕಿತು. ಹೆಂಚಿನ ಮನೆ, ಬೋರ್ಡು ಇಲ್ಲ, ನಾಲ್ಕು ಬೆಂಚು. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು. ಎಲೆ ಬಿಡಿಸುವಾಗಲೇ ಆವಿಯ ಜೊತೆ ಆ ಪರಿಮಳ. ಪಕ್ಕಕ್ಕೆ ತೆಂಗಿನಕಾಯಿ ಚಟ್ನಿ, ತೆಳ್ಳಗಿನ ಸಾಂಬಾರು. ಆಮೇಲೆ ಸಜ್ಜಿಗೆ ಬಜಿಲ್. ಅವಲಕ್ಕಿ ಖಾರವಾಗಿತ್ತು, ಸಜ್ಜಿಗೆ ಮೆತ್ತಗಿತ್ತು, ಎರಡನ್ನೂ ಕಲಸಿ ತಿನ್ನಬೇಕು. ಬನ್ಸ್ ಆಗಷ್ಟೇ ಎಣ್ಣೆಯಿಂದ ತೆಗೆದದ್ದು, ಬಾಳೆಹಣ್ಣಿನ ಸಿಹಿ ಹದವಾಗಿತ್ತು. ಕೊನೆಗೆ ಹಾಲು ಹಾಕಿದ ಕಷಾಯ. ಬಡಿಸುತ್ತಿದ್ದ ಅಮ್ಮ ಕೇಳದೇ ಇನ್ನೊಂದು ಸೌಟು ಚಟ್ನಿ ಹಾಕಿದರು. ಇಬ್ಬರಿಗೂ ಸೇರಿ 150 ದಾಟಲಿಲ್ಲ. ಒಂಬತ್ತೂವರೆಗೆ ಕಡುಬು ಖಾಲಿ, ಬೇಗ ಹೋಗಿ.

ಜಾಸ್ತಿ ನಡೆಯಲಾಗದ ಹಿರಿಯರು ಜೊತೆಗಿದ್ದರೆ ಮಣಿಪಾಲದ ಮಣ್ಣಪಳ್ಳ ಸಾಕು. ಕೆರೆ ಸುತ್ತ ದಾರಿ ಇದೆ. ವಾಕಿಂಗ್ ಜನ ಕಡಿಮೆಯಾದ ಮೇಲೆ ಹೋಗಿ. ಬಂದಳಿಕೆ (ಕೊಂಬೆಯ ಮೇಲೆ ಬೆಳೆಯುವ ಪರಾವಲಂಬಿ ಗಿಡ) ಹಿಡಿದ ಮರ ಕಂಡರೆ ಅಲ್ಲೇ ನಿಲ್ಲಿ. ಹೆಬ್ಬೆರಳಿನಷ್ಟಿರುವ ಬದನಿಕೆ ಹಕ್ಕಿ ಅದರ ಹಣ್ಣಿಗೆ ಬರುತ್ತದೆ. ಬೀಜ ಅಂಟು, ಅದನ್ನು ಕೊಂಬೆಗೆ ಒರೆಸಿ ಹೋಗುತ್ತದೆ, ಬಂದಳಿಕೆ ಹರಡುವುದು ಹಾಗೆ. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ, ಅವು ತಿನ್ನುವುದನ್ನು ಬಿಟ್ಟು ಹಾರಿಬಿಡುತ್ತವೆ. 8x42 ಬೈನಾಕ್ಯುಲರ್ ಇದ್ದರೆ ಸಾಕು, ದೊಡ್ಡ ಲೆನ್ಸ್ ಹೊತ್ತುಕೊಂಡು ಬರಬೇಕಾಗಿಲ್ಲ.