ಜಡ್ಜ್ ಕುರ್ಚಿ ಬಿಟ್ಟು ಬಂದ ವಕೀಲ

ನಿನ್ನೆ ರಾತ್ರಿ 'ಪೆರ್ರಿ ಮೇಸನ್ ರಿಟರ್ನ್ಸ್' ನೋಡಿದೆ. 1985ರಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಬಂದ ಟಿವಿ ಸಿನಿಮಾ. ಕಥೆಯ ನಾಯಕ, ಹಿಂದೆ ವಕೀಲನಾಗಿದ್ದ ಮೇಸನ್ ಈಗ ಜಡ್ಜ್. ಹಳೆಯ ಸೆಕ್ರೆಟರಿ ಡೆಲ್ಲಾ ಮೇಲೆ ಕೊಲೆ ಆರೋಪ ಬರುತ್ತದೆ. ಅಷ್ಟೇ, ಹುದ್ದೆಗೆ ರಾಜೀನಾಮೆ ಕೊಟ್ಟು ಅವಳ ಪರ ವಾದಕ್ಕೆ ನಿಲ್ಲುತ್ತಾನೆ!

ಕೊಲೆ ಮಾಡಿದ್ದು ಯಾರು ಅನ್ನೋದಕ್ಕಿಂತ ನನಗೆ ಇವರಿಬ್ಬರೇ ಜಾಸ್ತಿ ಹಿಡಿಸಿದರು. ಮೇಸನ್ ಆಗಿ ರೇಮಂಡ್ ಬರ್, ಡೆಲ್ಲಾ ಆಗಿ ಬಾರ್ಬರಾ ಹೇಲ್. 1957ರಿಂದ 1966ರವರೆಗೆ 'ಪೆರ್ರಿ ಮೇಸನ್' ಧಾರಾವಾಹಿಯಲ್ಲಿ ಇದೇ ಪಾತ್ರ ಮಾಡಿದವರು. ಸುಮಾರು 20 ವರ್ಷದ ಮೇಲೆ ಮತ್ತೆ ಎದುರುಬದುರು. ಬರ್ ಗಡ್ಡ ನರೆತಿದೆ, ಮೈ ಭಾರವಾಗಿದೆ. ಆ ಕಣ್ಣು ಮಾತ್ರ ಹಾಗೇ ಇದೆ. ಪತ್ತೇದಾರನಾಗಿ ಹೇಲ್ ಅವರ ಸ್ವಂತ ಮಗ ವಿಲಿಯಂ ಕ್ಯಾಟ್!

ಮಲಗಿದ ಮೇಲೂ ಆ ರಾಜೀನಾಮೆಯೇ ತಲೆಯಲ್ಲಿತ್ತು. ನನಗೋಸ್ಕರ ಹೀಗೆ ಎದ್ದು ಬರೋರು ಯಾರು ಅಂತ ಸುಮ್ನೆ ಯೋಚಿಸಿದೆ. ಬೆಳಿಗ್ಗೆ ಎದ್ದವಳೇ ಅಕ್ಕನಿಗೆ ಫೋನ್ ಮಾಡಿದೆ.