ಫೋಟೋ ಹಾಕಲೋ ಬೇಡವೋ

ಇವತ್ತು ಕೀನ್ಯಾದ ಕಿಸುಮುವಿನಲ್ಲಿ, ವಿಕ್ಟೋರಿಯಾ ಸರೋವರದ ದಡದಲ್ಲಿ ಊಟ. ತಲೆ ಬಾಲದ ಸಮೇತ ಗರಿಗರಿಯಾಗಿ ಕರಿದ ತಿಲಾಪಿಯಾ ಮೀನು, ಪಕ್ಕದಲ್ಲಿ ಬಿಸಿ ಉಗಾಲಿ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ), ಸಣ್ಣಗೆ ಹೆಚ್ಚಿ ಬಾಡಿಸಿದ ಸುಕುಮಾ ಸೊಪ್ಪು. ಫೋಟೋ ತೆಗೆದೆ. ಸ್ಟೇಟಸ್‌ಗೆ ಹಾಕೋಕೆ ಮಾತ್ರ ಕೈ ಬರಲಿಲ್ಲ.

ನಮ್ಮಂಥ ಮಿಷನರಿಗಳ ಸಂಬಳ ಅಂದ್ರೆ ಊರಿನ ಚರ್ಚ್ ಸಭೆಯವರ ಕಾಣಿಕೆ ಅಲ್ವಾ. ಮಂಗಳೂರಲ್ಲಿ ಬೀಡಿ ಕಟ್ಟುವ ಆಂಟಿಯೊಬ್ಬರು ತಿಂಗಳಿಗೆ 200 ರೂಪಾಯಿ ಕಳಿಸ್ತಾರೆ. ಅವರು ನೋಡಿದ್ರೆ ಏನಂದುಕೊಂಡಾರು?

ಅವರಿಗೊಬ್ಬರಿಗೇ ಕಳಿಸಿದೆ. ತಕ್ಷಣ ವಾಯ್ಸ್ ಮೆಸೇಜ್: "ಅಯ್ಯೋ, ಮಸಾಲೆನೇ ಹಾಕಿಲ್ವಲ್ಲ ಮಗಾ!"

1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿಗೂ ಯುರೋಪಿನ ಸಾಮಾನ್ಯ ಜನ ಚಿಲ್ಲರೆ ಕೂಡಿಸಿ ಕೊಡುತ್ತಿದ್ದರು. ಬಂಗುಡೆ ತಿಂದದ್ದನ್ನು ಆ ಪಾದ್ರಿಗಳು ವರದಿಯಲ್ಲಿ ಬರೆದರೋ, ಸುಮ್ನೆ ಬಿಟ್ಟರೋ!