ಪಾವು ಉತ್ತತ್ತಿ ಎಂದರೆ ಎಷ್ಟು?

ನಾದಿನಿಯ ಬಾಣಂತನಕ್ಕೆಂದು ಕಲಬುರಗಿಯ ಮನೆಯಲ್ಲಿ ಮೊದಲ ಸಲ ನಾನೊಬ್ಬಳೇ ಅಂಟಿನ ಉಂಡಿ ಕಟ್ಟಲು ಕೂತಾಗ, ಅತ್ತೆಯವರು ಊರಿನಿಂದ ಫೋನಿನಲ್ಲಿ ಹೇಳಿದ ಲೆಕ್ಕದಲ್ಲಿ ಎಲ್ಲವೂ ಪಾವಿನಲ್ಲಿಯೇ ಇತ್ತು: ಪಾವು ಉತ್ತತ್ತಿ, ಪಾವು ಬೆಲ್ಲ, ಅರ್ಧ ಪಾವು ಒಣದ್ರಾಕ್ಷಿ. ಸೂಪರ್ ಮಾರ್ಕೆಟ್‌ನಿಂದ ಕಟ್ಟಿಸಿಕೊಂಡು ಬಂದಿದ್ದ ಪಾವ ಕಿಲೊ ಬೆಲ್ಲವನ್ನು ಪೂರ್ತಿ ಕರಗಿಸಿದೆ; ಉತ್ತತ್ತಿಯನ್ನು ಮಾತ್ರ ಅಕ್ಕಿ ಅಳೆಯುವ ಪಾವಿನಲ್ಲಿ ತುಂಬಿಕೊಂಡೆ. ಒಣಪದಾರ್ಥಕ್ಕೆ ಪಾಕ ಹೆಚ್ಚಾಗಿ ಉಂಡಿ ಮರುದಿನಕ್ಕೆ ಕಲ್ಲಾಯಿತು, ಬಾಣಂತಿಗೆ ಕಚ್ಚಲಾಗಲಿಲ್ಲ. ವಿಷಯ ತಿಳಿದ ಅತ್ತೆಯವರು, "ಪಾವ ಅಂದ್ರ ಪಾವ ಕಿಲೊ ಅದ ನೋಡವ್ವ, ಅಕ್ಕಿ ಪಾವಿನ್ಯಾಗ ಅಳೆಯಾದಲ್ಲ" ಎಂದರು.

80 ತೊಲೆಯ ಸೇರು ಸುಮಾರು 933 ಗ್ರಾಂ, ಅದರ ಕಾಲುಭಾಗವಾದ ಪಾವು 233 ಗ್ರಾಂ. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ನಂತರ ಕಿಲೊ ಬಂದಿತಾದರೂ ಪಾವು ಎಂಬ ಮಾತು ಹೋಗಲಿಲ್ಲ, 250 ಗ್ರಾಮಿಗೆ ಅಂಟಿಕೊಂಡಿತು. ಹಾಗಾಗಿ ನಮ್ಮಲ್ಲಿ ಪಾವು ಎಂದರೆ ಅಂಗಡಿಯಲ್ಲಿ ತೂಕ, ಅಡುಗೆಮನೆಯಲ್ಲಿ ಪಾತ್ರೆ.

ಅಂದು ಸಂಜೆ ತಕ್ಕಡಿ ಇಟ್ಟುಕೊಂಡು ಮತ್ತೆ ಅಳೆದೆ. ಇಡೀ ಉತ್ತತ್ತಿಗಳು ಪಾತ್ರೆಯಲ್ಲಿ ಅಡ್ಡಾದಿಡ್ಡಿಯಾಗಿ ನಿಂತು, ನಡುನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿದ್ದವು. ಆ ತುಂಬಿದ ಪಾವಿನ ತೂಕ ಪಾವ ಕಿಲೊದ ಅರ್ಧಕ್ಕೂ ಬರಲಿಲ್ಲ. ಅವನ್ನೇ ಅಡಕೊತ್ತಿನಲ್ಲಿ ಸೀಳಿ, ಬೀಜ ತೆಗೆದು, ಪುಡಿ ಮಾಡಿ ಸುರಿದಾಗ ಪಾತ್ರೆಯ ಗಣನೀಯ ಭಾಗ ಖಾಲಿ ಉಳಿಯಿತು. ಒಣಹಣ್ಣನ್ನು ಕಪ್ಪಿನಲ್ಲಿ ಅಳೆಯುವಾಗ ನಾವು ಹಣ್ಣಿನ ಜೊತೆ ಗಾಳಿಯನ್ನೂ ಅಳೆಯುತ್ತೇವೆ, ಮತ್ತು ಆ ಗಾಳಿ ಎಷ್ಟೆಂಬುದು ಹೆಚ್ಚಿದ ಬಗೆಯ ಮೇಲೆ ನಿಂತಿದೆ.

ಸುಮಾರು 240 ಮಿಲಿಲೀಟರಿನ ಕಪ್ಪಿಗೆ ಸಡಿಲವಾಗಿ ತುಂಬಿದ ಒಣದ್ರಾಕ್ಷಿ 145 ಗ್ರಾಂ ಹಿಡಿದರೆ, ಅಂಗೈಯಿಂದ ಒತ್ತಿ ತುಂಬಿದರೆ 165 ಗ್ರಾಂ ಹಿಡಿಯುತ್ತದೆ. ಹೆಚ್ಚಿದ ಮೆತ್ತನೆಯ ಖರ್ಜೂರ 147, ಒಣಗಿದ ಅಂಜೂರ 149 ಗ್ರಾಂ. ಇಡೀ ಬಾದಾಮಿ 143 ಗ್ರಾಂ ಇರುವಲ್ಲಿ ತೆಳ್ಳಗೆ ಹೆಚ್ಚಿದ್ದು 92 ಗ್ರಾಂ ಮಾತ್ರ. ಒಣಕೊಬ್ಬರಿಯ ಸಣ್ಣ ತುರಿ 85ರ ಆಸುಪಾಸು. ಕಪ್ಪು 250 ಮಿಲಿಲೀಟರಿನದಾದರೆ ಈ ಅಂಕಿಗಳಿಗೆ ನೂರಕ್ಕೆ ನಾಲ್ಕರಷ್ಟು ಸೇರಿಸಿಕೊಳ್ಳಬೇಕು. ಮನೆಯ ಚಹಾ ಕಪ್ಪುಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲವಾದ್ದರಿಂದ ಅವನ್ನು ಈ ಕೆಲಸಕ್ಕೆ ಬಳಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಪಾಕವಿಧಾನ ಬರೆಯುವವರಲ್ಲಿ ನನ್ನದೊಂದು ವಿನಂತಿಯಿದೆ. "ಹೆಚ್ಚಿದ ಖರ್ಜೂರ 1 ಕಪ್" ಎಂದರೆ ಹೆಚ್ಚಿ ಅಳೆಯಬೇಕು, "ಖರ್ಜೂರ 1 ಕಪ್, ಹೆಚ್ಚಿಕೊಳ್ಳಿ" ಎಂದರೆ ಅಳೆದು ಹೆಚ್ಚಬೇಕು. ಇವೆರಡನ್ನೂ ಒಂದೇ ಎಂಬಂತೆ ಬರೆದರೆ ಓದುವವರ ಕೈಯಲ್ಲಿ ಅಳತೆ ತಪ್ಪುತ್ತದೆ. ರಮಜಾನಿನ ಶೀರ್ ಖುರ್ಮಾಕ್ಕೆ ಉತ್ತತ್ತಿಯನ್ನು ರಾತ್ರಿಯಿಡೀ ನೆನೆಸುವ ಮನೆಗಳಲ್ಲಿ ತೂಕವನ್ನು ನೆನೆಸುವ ಮೊದಲೇ ಹಿಡಿಯಬೇಕು, ಏಕೆಂದರೆ ನೀರು ಕುಡಿದ ಹಣ್ಣಿನ ತೂಕದಲ್ಲಿ ಹಣ್ಣೆಷ್ಟು, ನೀರೆಷ್ಟು ಎಂದು ಆಮೇಲೆ ಹೇಳಲಾಗದು. ಬೀಜವಿರುವ ಹಣ್ಣು ಕೊಳ್ಳುವಾಗಲೂ ತುಸು ಹೆಚ್ಚೇ ತರಬೇಕು. ಖರ್ಜೂರದ ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಬೀಜವೇ ಇರುತ್ತದೆ.

ಮಳೆಗಾಲದ ಒಣದ್ರಾಕ್ಷಿ ತೇವ ಹೀರಿ ಒಂದಕ್ಕೊಂದು ಅಂಟಿ ಗಂಟಾಗುತ್ತದೆ, ಗಂಟುಗಳ ನಡುವೆ ಕಪ್ಪು ಪೊಳ್ಳಾಗಿ ತುಂಬುತ್ತದೆ. ಬಿಡಿಸಿ ಅಳೆಯುವುದು ಒಳ್ಳೆಯದು, ತೂಗುವುದು ಇನ್ನೂ ಒಳ್ಳೆಯದು.

ಈಗ ಉಂಡಿಯ ಡಬ್ಬಿಯ ಮುಚ್ಚಳದ ಒಳಗೆ ಅತ್ತೆಯವರ ಲೆಕ್ಕವನ್ನು ಹೀಗೆ ಬರೆದು ಅಂಟಿಸಿದ್ದೇನೆ: ಬೀಜ ತೆಗೆದ ಉತ್ತತ್ತಿ 250 ಗ್ರಾಂ, ಬೆಲ್ಲ 250 ಗ್ರಾಂ, ಒಣದ್ರಾಕ್ಷಿ 125 ಗ್ರಾಂ.